1878ರ ಕೌಬಾಯ್ ಉಡುಪು: ಹಾಸನದಲ್ಲೇ, ಐದು ಸಾವಿರದೊಳಗೆ

ಬಾಡಿಗೆ ಅಂಗಡಿಯ ಕೌಬಾಯ್ ವೇಷ ಎಂದರೆ ಎಲ್ಲರಿಗೂ ಗೊತ್ತಿರುವುದೇ: ಕುಚ್ಚು ಇಳಿಬಿಟ್ಟ ಜಾಕೆಟ್ಟು, ಎರಡೂ ಬದಿ ಮೇಲಕ್ಕೆ ಮಡಚಿದ ಟೋಪಿ, ಅಂಗೈಯಗಲದ ಬಕಲ್ಲು, ತೊಡೆಗೆ ಜೋತುಬಿದ್ದ ಪಿಸ್ತೂಲು. 1870ರ ದಶಕದಲ್ಲಿ ಟೆಕ್ಸಾಸ್‌ನಿಂದ ಕಾನ್ಸಾಸ್‌ವರೆಗೆ ದನ ಹೊಡೆದುಕೊಂಡು ಹೋದವರು ಹೀಗಿರಲಿಲ್ಲ. ತಿಂಗಳಿಗೆ 30 ಡಾಲರ್ ಆಸುಪಾಸಿನ ಸಂಬಳದ ಕೂಲಿಗಳು ಅವರು. ಬಟ್ಟೆ ಬಹಳ ಸಾದಾ. ಸಾದಾ ಆದ್ದರಿಂದಲೇ ನಿಜವಾದ ಉಡುಪು ಬಾಡಿಗೆಯ ಥಳುಕಿಗಿಂತ ಅಗ್ಗಕ್ಕೆ ಆಗುತ್ತದೆ, ಮತ್ತು ಅದರ ಬಹುಪಾಲು ಹಾಸನದ ಅಥವಾ ಚಿಕ್ಕಮಗಳೂರಿನ ಯಾವುದೇ ಟೈಲರ್ ಕೈಯಲ್ಲಿ ಆಗುವ ಕೆಲಸ.

ಮೊದಲು ಒಂದು ಇಸವಿ ಹಿಡಿದುಕೊಳ್ಳಿ. ಇಲ್ಲಿ 1878 ಎಂದಿಟ್ಟುಕೊಳ್ಳೋಣ. ಕಾನ್ಸಾಸ್‌ನ ಅಬಿಲೀನ್ ಊರಿನ ರೈಲ್ವೆ ದನದ ಪೇಟೆ ಶುರುವಾದದ್ದು 1867ರಲ್ಲಿ. 1880ರ ದಶಕದ ಕೊನೆಗೆ ಮುಳ್ಳುತಂತಿ, ರೈಲು, 1886-87ರ ಭೀಕರ ಚಳಿಗಾಲ ಸೇರಿ ಆ ದೊಡ್ಡ ದನದ ಮೆರವಣಿಗೆಗಳನ್ನು ಮುಗಿಸಿದವು. 1878 ಸರಿಯಾಗಿ ಮಧ್ಯಕ್ಕೆ ಬರುತ್ತದೆ. ಇಸವಿ ಗಟ್ಟಿಯಾದರೆ ಏನು ಬೇಡ ಎಂಬುದು ತಾನೇ ತೀರ್ಮಾನವಾಗುತ್ತದೆ. ಪ್ಯಾಂಟಿಗೆ ಜಿಪ್ ಇಲ್ಲ, ಬೆಲ್ಟ್ ಲೂಪ್ ಇಲ್ಲ, ಅಂಗಿಗೆ ಚಿಟಕಿ ಗುಂಡಿ ಇಲ್ಲ. ಕೊನೆಯದು 1940ರ ದಶಕದ ಫ್ಯಾಷನ್ನು.

ಇನ್ನೊಂದು ಮಾತು ನಾಟಕದವರಿಗೆ. ಮುಖಕ್ಕೆ ಬಿಳಿ ಬಣ್ಣ ಬಳಿಯಬೇಡಿ. ಆ ಕಸುಬೇ ಮೆಕ್ಸಿಕೋದ ವಕೇರೋಗಳಿಂದ, ಅಂದರೆ ಕುದುರೆ ಏರಿ ದನ ಕಾಯುವವರಿಂದ, ಬಂದದ್ದು. ದನ ಹೊಡೆಯುವ ತಂಡಗಳಲ್ಲಿ ಕಪ್ಪು ಜನರೂ ಮೆಕ್ಸಿಕನ್ನರೂ ದೊಡ್ಡ ಸಂಖ್ಯೆಯಲ್ಲಿದ್ದರು. ಬಿಸಿಲಿಗೆ ಕಂದಿದ ನಮ್ಮ ಮುಖ ಆ ಗುಂಪಿನಲ್ಲಿ ಸಲೀಸಾಗಿ ಬೆರೆಯುತ್ತದೆ.

ದುಡ್ಡು ಎಲ್ಲಿ ಹಾಕಬೇಕು

ಐದು ಸಾವಿರ ಕೈಯಲ್ಲಿದ್ದರೆ ಟೋಪಿಗೆ 1,500 ತೆಗೆದಿಡಿ. ಅಂಗಿಗೆ ಬಟ್ಟೆ, ಹೊಲಿಗೆ ಸೇರಿ 1,200, ಬೂಟಿಗೆ 1,000, ಪ್ಯಾಂಟು ಮತ್ತು ವೇಸ್ಟ್‌ಕೋಟು ತಿದ್ದಿಸಲು 800, ಕೊರಳ ಬಟ್ಟೆ, ಗುಂಡಿ, ಗ್ಯಾಲಸ್ ಪಟ್ಟಿಗೆ (ಪ್ಯಾಂಟು ಜಾರದಂತೆ ಭುಜದ ಮೇಲಿಂದ ಹಾಯುವ ಪಟ್ಟಿ) ಉಳಿದದ್ದು. ಟೋಪಿಯಲ್ಲಿ ಉಳಿಸಲು ಹೋಗಬೇಡಿ. ದೂರದಿಂದ ಮೊದಲು ಕಾಣುವುದು ಅದೇ, ಸುಳ್ಳು ಹೇಳಿದರೆ ಸಿಕ್ಕಿಬೀಳುವುದೂ ಅದೇ.

ಟೋಪಿ

ಜಾನ್ ಬಿ. ಸ್ಟೆಟ್ಸನ್ 1865ರಲ್ಲಿ ಫಿಲಡೆಲ್ಫಿಯಾದಲ್ಲಿ ತಯಾರಿಸಲು ಶುರುಮಾಡಿದ 'ಬಾಸ್ ಆಫ್ ದ ಪ್ಲೇನ್ಸ್' ನಮಗೆ ಬೇಕಾದ ಮಾದರಿ. ನೆತ್ತಿ ಗುಂಡಗೆ, ಮಡಿಕೆ ಇಲ್ಲದೆ, ಸುಮಾರು ನಾಲ್ಕು ಇಂಚು ಎತ್ತರ. ಅಂಚು ಚಪ್ಪಟೆ, ಸುತ್ತಲೂ ಮೂರೂವರೆ-ನಾಲ್ಕು ಇಂಚು ಅಗಲ. ಇದು ಅಂಗಡಿಯಲ್ಲಿ ಹಾಗೇ ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಕಂದು ಅಥವಾ ಬೂದು ಬಣ್ಣದ, ಆದಷ್ಟು ಅಗಲ ಅಂಚಿನ ಉಣ್ಣೆ ಫೆಲ್ಟ್ ಟೋಪಿ ತರಿಸಿ. ಎರಡೂವರೆ ಇಂಚಿನ ಅಂಚು ಎಷ್ಟು ಎಳೆದರೂ ನಾಲ್ಕಾಗದು.

ಬಂದ ಕೂಡಲೇ ಒಳಪಟ್ಟಿಯ ಹಿಂದಿನಿಂದ ಒಂದು ಚಿಟಿಕೆ ನಾರು ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅದು ಹಬೆಗೆ ಬಗ್ಗದು, ಇಸ್ತ್ರಿ ಇಟ್ಟರೆ ಅಂಟಿಕೊಳ್ಳುತ್ತದೆ. ವಾಪಸ್ ಕಳಿಸಿ.

ಅಲಂಕಾರದ ಪಟ್ಟಿ, ಕವಡೆ, ಗರಿ ಎಲ್ಲ ಬಿಚ್ಚಿ. ಅಂಚಿನ ಹೊಲಿಗೆಯೊಳಗೆ ತಂತಿ ಇದ್ದರೆ ಒಂದು ಕಡೆ ಹೊಲಿಗೆ ಬಿಡಿಸಿ ಎಳೆದುಹಾಕಿ. ಅಂಚು ಮೇಲಕ್ಕೆ ಸುರುಳಿಕೊಳ್ಳುವುದು ಹೆಚ್ಚಾಗಿ ಈ ತಂತಿಯಿಂದಲೇ. ಈಗ ತಲೆಯ ಸುತ್ತಳತೆ ತೆಗೆಯಿರಿ. 57 ಸೆಂ.ಮೀ. ಇದ್ದರೆ ಸುಮಾರು 18 ಸೆಂ.ಮೀ. ಅಡ್ಡಳತೆಯ, ತಳ ಗುಂಡಗಿರುವ ಸ್ಟೀಲ್ ಪಾತ್ರೆ ಬೇಕು. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಹಬೆಯ ಮೇಲೆ ಟೋಪಿಯ ನೆತ್ತಿಯನ್ನು ಎರಡು-ಮೂರು ನಿಮಿಷ ಹಿಡಿಯಿರಿ. ಫೆಲ್ಟು ಒದ್ದೆ ಚರ್ಮದ ಹಾಗೆ ಮೆತ್ತಗಾದಾಗ ಮಗುಚಿಟ್ಟ ಪಾತ್ರೆಯ ಮೇಲೆ ಎಳೆದು ಕೂರಿಸಿ, ನೆತ್ತಿಯ ಮಡಿಕೆಯನ್ನು ಅಂಗೈಯಿಂದ ನಡುವಿನಿಂದ ಹೊರಕ್ಕೆ ಒರೆಸುತ್ತಾ ಬಿಡಿಸಿ. ಒಂದೇ ಸಲಕ್ಕೆ ಹೋಗುವುದಿಲ್ಲ. ನಾಲ್ಕೈದು ಸಲ ಹಬೆ, ನಾಲ್ಕೈದು ಸಲ ಒರೆಸು. ಬುಡಕ್ಕೆ ದಾರ ಬಿಗಿದು, ಅಂಚನ್ನು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ ಚಪ್ಪಟೆ ಮಾಡಿ, ರಾತ್ರಿಯಿಡೀ ಹಾಗೇ ಬಿಡಿ. ಅವಸರಪಟ್ಟು ಒದ್ದೆಯಲ್ಲೇ ತೆಗೆದರೆ ಹಳೆಯ ಮಡಿಕೆ ನಿಧಾನವಾಗಿ ವಾಪಸ್ ಬರುತ್ತದೆ. ತಲೆ ಗುಂಡಗಲ್ಲ, ಮೊಟ್ಟೆಯಾಕಾರ. ಆದ್ದರಿಂದ ಬಹುಪಾಲು ಒಣಗಿ ಇನ್ನೂ ತುಸು ತೇವವಿರುವಾಗ ತಲೆಗೆ ಹಾಕಿಕೊಂಡು ಅರ್ಧ ಗಂಟೆ ಇದ್ದರೆ ಒಳಸುತ್ತು ತಾನೇ ಹೊಂದಿಕೊಳ್ಳುತ್ತದೆ.

ಅಗ್ಗದ ಉಣ್ಣೆ ಫೆಲ್ಟಿನ ಅಂಚು ಸ್ವಲ್ಪ ದಿನಕ್ಕೆ ಜೋಲುತ್ತದೆ. ಮರದ ಪಾಲಿಶ್ ಸಾಮಾನು ಮಾರುವ ಅಂಗಡಿಯಿಂದ ಅರಗಿನ ಚಕ್ಕೆ 25 ಗ್ರಾಂ ತಂದು ಕಾಲು ಲೀಟರ್ ಸ್ಪಿರಿಟ್ಟಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಅಂಚಿನ ಕೆಳಮೈಗೆ ಮಾತ್ರ ಬ್ರಷ್ಷಿನಿಂದ ತೆಳ್ಳಗೆ ಹಚ್ಚಿ. ಹತ್ತಿರ ಒಲೆ, ಬೀಡಿ ಇರಬಾರದು. ದಪ್ಪಗೆ ಹಚ್ಚಿದರೆ ಮೇಲ್ಮೈಗೆ ಸೋರಿ ಹೊಳೆಯುವ ಕಲೆ ನಿಲ್ಲುತ್ತದೆ; ಒಂದು ತೆಳುಪದರ ಒಣಗಿಸಿ ಇನ್ನೊಂದು ಹಾಕುವುದು ಲೇಸು.

ಅಂಗಿ: ಜುಬ್ಬಾ ಹೊಲಿಯುವವರನ್ನು ಹಿಡಿಯಿರಿ

ಆ ಕಾಲದ ಕೆಲಸದ ಅಂಗಿ ಮೇಲಿಂದ ಕೆಳಗಿನವರೆಗೆ ತೆರೆಯುತ್ತಿರಲಿಲ್ಲ. ಎದೆವರೆಗೆ ಪಟ್ಟಿ, ತಲೆಯ ಮೇಲಿಂದ ಹಾಕಿಕೊಳ್ಳುವುದು, ತುಂಡುಗಳೆಲ್ಲ ಬಹುಮಟ್ಟಿಗೆ ಆಯತ, ಚೌಕ. ಅಂದರೆ ನಮ್ಮ ಜುಬ್ಬಾ. ಟೈಲರ್‌ಗೆ ಸಿನಿಮಾ ಫೋಟೋ ತೋರಿಸಿ ಗೊಂದಲ ಮಾಡುವುದಕ್ಕಿಂತ ಹೀಗೆ ಹೇಳಿ: ಸಡಿಲ ಜುಬ್ಬಾ, ಉದ್ದ 32 ಇಂಚು, ಭುಜ ಎರಡು ಇಂಚು ಕೆಳಗೆ ಇಳಿದಿರಲಿ, ಮುಂದಿನ ಪಟ್ಟಿ 11 ಇಂಚು, ನಾಲ್ಕು ಗುಂಡಿ, ಕೊರಳಿಗೆ ಒಂದಿಂಚಿನ ನಿಂತ ಪಟ್ಟಿ, ಕಂಕುಳಲ್ಲಿ ನಾಲ್ಕು ಇಂಚಿನ ಚೌಕ ತುಂಡು, ತೋಳಿನ ತುದಿಗೆ ನೆರಿಗೆ ಕೊಟ್ಟು ಎರಡೂವರೆ ಇಂಚಿನ ಕಫ್. ಎದೆಯ ಜೇಬು ಬೇಡ, ಬದಿ ಜೇಬೂ ಬೇಡ. ಕಂಕುಳ ಚೌಕವನ್ನು ಬಿಟ್ಟುಬಿಡುವ ಆಸೆ ಟೈಲರ್‌ಗೆ ಬರುತ್ತದೆ. ಬಿಟ್ಟರೆ ಕೈ ಎತ್ತಿದಾಗಲೆಲ್ಲ ಅಂಗಿ ಪೂರ್ತಿ ಮೇಲೇಳುತ್ತದೆ, ಹಗ್ಗ ಬೀಸಿದರೆ ಹೊಲಿಗೆ ಹರಿಯುತ್ತದೆ.

ಬಟ್ಟೆ ದಪ್ಪ ಖಾದಿ, 36 ಇಂಚಿನ ಪನ್ನದಲ್ಲಿ ಮೂರು ಮೀಟರ್. ಮಾಸಲು ಬಿಳಿ, ಸಣ್ಣ ನೀಲಿ ಗೆರೆ, ಸಣ್ಣ ಚೌಕಳಿ, ಯಾವುದಾದರೂ ಸರಿ. ಕತ್ತರಿಸುವ ಮೊದಲು ರಾತ್ರಿಯಿಡೀ ನೆನೆಸಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ತೋಳು ಮಣಿಕಟ್ಟಿನಿಂದ ಮೇಲೆ ಹೋಗುತ್ತದೆ. ಗುಂಡಿ ಚಿಪ್ಪಿನದು ಅಥವಾ ಮೂಳೆಯದು. ಸಿಗದಿದ್ದರೆ ಹೊಳಪಿಲ್ಲದ ತೆಂಗಿನ ಚಿಪ್ಪಿನ ಗುಂಡಿ, ನಾಲ್ಕು ಅಡಿ ದೂರಕ್ಕೆ ಕೊಂಬಿನ ಗುಂಡಿಯಂತೆಯೇ ಕಾಣುತ್ತದೆ.

ಹೊಸ ಖಾದಿಯ ಬಿಳುಪು ಕಣ್ಣಿಗೆ ಹೊಡೆಯುತ್ತದೆ. ಕಾಫಿ ನಾಡು ತಾನೇ ಎಂದು ಕಾಫಿ ಡಿಕಾಕ್ಷನ್ನಿಗೆ ಅದ್ದುವವರಿದ್ದಾರೆ. ಆ ಬಣ್ಣ ನಾಲ್ಕು ಒಗೆತಕ್ಕೆ ನಿಲ್ಲುವುದಿಲ್ಲ. ಕೊಪ್ಪ, ಶೃಂಗೇರಿ ಕಡೆ ನೆಂಟರಿದ್ದರೆ ಅಡಿಕೆ ಬೇಯಿಸಿದ ಚೊಗರು ತರಿಸಿಕೊಳ್ಳಿ. ಟ್ಯಾನಿನ್ ಎಂಬ ಒಗರು ಅಂಶ ತುಂಬಿದ ಅದು ಹತ್ತಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. 350 ಗ್ರಾಂ ತೂಕದ ಅಂಗಿಗೆ ಮೊದಲು 50 ಗ್ರಾಂ ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಒಂದು ಗಂಟೆ. ಆಮೇಲೆ ಆರು ಲೀಟರ್ ನೀರಿಗೆ ಒಂದು ಲೋಟ ಚೊಗರು ಬೆರೆಸಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಮಗುಚುತ್ತಾ ಇರಬೇಕು. ಸ್ಟೀಲ್ ಪಾತ್ರೆಯೇ ಆಗಬೇಕು. ಕಬ್ಬಿಣ ತಾಗಿದರೆ ಟ್ಯಾನಿನ್ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ವೇಸ್ಟ್‌ಕೋಟಿಗೆ ಅದೇ ಬೇಕಿದ್ದರೆ ನಾಲ್ಕು ತುಕ್ಕು ಮೊಳೆ ಬೇಕೆಂದೇ ಹಾಕಬಹುದು. ಮಿಕ್ಕ ಚಿಂದಿಯಲ್ಲಿ ಮೊದಲು ಪರೀಕ್ಷೆ ಮಾಡಿ, ಏಕೆಂದರೆ ಚೊಗರಿನ ಗಟ್ಟಿತನ ಮನೆಮನೆಗೆ ಬೇರೆ. ಎರಡು ಎಡವಟ್ಟು ಸಾಮಾನ್ಯ. ಟೈಲರ್ ಪಾಲಿಯೆಸ್ಟರ್ ದಾರ ಹಾಕಿದ್ದರೆ ಬಟ್ಟೆ ಬಣ್ಣ ಹಿಡಿದು ಹೊಲಿಗೆ ಮಾತ್ರ ಬೆಳ್ಳಗೆ ಗೆರೆ ಹೊಡೆದಂತೆ ಉಳಿಯುತ್ತದೆ. ಹತ್ತಿ ದಾರ ಎಂದು ಮೊದಲೇ ಹೇಳಿ. ಇನ್ನೊಂದು, ಬಟ್ಟೆ ಸೋಪು ಕ್ಷಾರ, ಅದು ತಾಗಿದರೆ ಕಂದು ಕೆಂಪಾಗುತ್ತದೆ. ಅಂಟುವಾಳದಲ್ಲಿ ಒಗೆಯಿರಿ.

ಪ್ಯಾಂಟು, ವೇಸ್ಟ್‌ಕೋಟು

ಜೀನ್ಸ್ ಎಂದರೆ ಕೌಬಾಯ್ ಎಂಬ ಲೆಕ್ಕ ಬಿಡಿ. ಜೇಬಿನ ಮೂಲೆಗೆ ಲೋಹದ ರಿವೆಟ್ ಹೊಡೆದ ಪ್ಯಾಂಟಿಗೆ ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ ಕಂಪನಿಗೆ ಪೇಟೆಂಟ್ ಸಿಕ್ಕಿದ್ದು 1873ರ ಮೇ 20ರಂದು, ನಿಜ. ಆದರೆ ಅವನ್ನು ಹೆಚ್ಚಾಗಿ ಕೊಂಡವರು ಗಣಿ ಕೆಲಸದವರು, ಕೂಲಿಗಳು. ದನ ಕಾಯುವವರು ಬಹುಪಾಲು ಉಣ್ಣೆ ಪ್ಯಾಂಟು ತೊಡುತ್ತಿದ್ದರು. ಜೀನ್ಸೇ ಬೇಕೆಂದರೂ ಈಗಿನದಕ್ಕೆ ಕೆಲಸ ಬಹಳ: ಆಗ ಹಿಂದಿನ ಜೇಬು ಒಂದೇ (ಎರಡನೆಯದು 1901ರಲ್ಲಿ), ಬೆಲ್ಟ್ ಲೂಪ್ ಬಂದದ್ದು 1922ರಲ್ಲಿ, ಹಿಂದಿನ ಜೇಬಿನ ಪುಟ್ಟ ಕೆಂಪು ಪಟ್ಟಿ 1936ರಲ್ಲಿ. ಇವೆಲ್ಲ ಬಿಚ್ಚಿಸುವ ಖರ್ಚಿಗೆ ಉಣ್ಣೆ ಪ್ಯಾಂಟೇ ಆಗುತ್ತದೆ.

ಆ ಉಣ್ಣೆ ಪ್ಯಾಂಟು ಇರುವುದು ಅಟ್ಟದ ಟ್ರಂಕಿನಲ್ಲಿ. ಅಜ್ಜನದೋ ದೊಡ್ಡಪ್ಪನದೋ 1970ರ ದಶಕದ ಮದುವೆ ಸೂಟು ಹುಡುಕಿ. ಆ ಕಾಲದ ಪ್ಯಾಂಟು ಸೊಂಟದ ಮೇಲೆ ಕೂರುತ್ತದೆ. ಈಗಿನವು ಕೆಳಗಿಳಿಯುತ್ತವೆ, ವೇಸ್ಟ್‌ಕೋಟಿಗೂ ಪ್ಯಾಂಟಿಗೂ ನಡುವೆ ಅಂಗಿ ಇಣುಕುತ್ತದೆ, ಅಲ್ಲಿಗೆ ವೇಷ ಕೆಟ್ಟಿತು. ಕವಲಿನ ಹೊಲಿಗೆಯಿಂದ ಮುಂದಿನ ಪಟ್ಟಿಯ ತುದಿವರೆಗೆ 12 ಇಂಚು ಇದ್ದರೆ ತೆಗೆದುಕೊಳ್ಳಿ. ಬೆಲ್‌ಬಾಟಂ ಆಗಿದ್ದರೆ ಮೊಣಕಾಲಿನಿಂದ ಕೆಳಗೆ ಹಿಡಿಸಿ, ತುದಿಯ ಸುತ್ತು 18 ಇಂಚಿಗೆ ತನ್ನಿ. ಜಿಪ್ ಕಿತ್ತು ನಾಲ್ಕು ಗುಂಡಿ, ಕಾಜಾ. ಲೂಪ್‌ಗಳನ್ನು ಬ್ಲೇಡಿನಿಂದ ಎಳೆಯಬೇಡಿ, ದಾರ ಒಂದೊಂದಾಗಿ ಬಿಡಿಸಿ. ಕೆಳಗೆ ಕಾಣುವ ಕಪ್ಪು ಗುರುತು, ಸೂಜಿ ತೂತು ಹಬೆ ಇಸ್ತ್ರಿಗೆ ಮುಕ್ಕಾಲು ಮಾಯವಾಗುತ್ತವೆ, ಉಳಿದದ್ದನ್ನು ವೇಸ್ಟ್‌ಕೋಟು ಮುಚ್ಚುತ್ತದೆ. ಸೊಂಟಪಟ್ಟಿಯ ಹೊರಮೈಗೆ ಆರು ಗುಂಡಿ: ಮುಂದೆ ಎಡಬಲ ಎರಡೆರಡು, ಹಿಂದೆ ನಡುವಿನಲ್ಲಿ ಎರಡು, ಜೋಡಿಯ ನಡುವೆ ಮೂರು ಇಂಚು.

ಗ್ಯಾಲಸ್ ಕೊಳ್ಳಬೇಡಿ. ಅಂಗಡಿಯವು ಕ್ಲಿಪ್ಪಿನವು. ಒಂದೂವರೆ ಇಂಚಿನ ಹತ್ತಿ ಪಟ್ಟಿ, ಸಣ್ಣ ನವಾರು ಆದರೂ ಆದೀತು, ಮೂರು ಮೀಟರ್ ತಂದು ತುದಿಗೆ ಕಾಜಾ ತೂತಿರುವ ಚರ್ಮದ ನಾಲಗೆ ಹೊಲಿಸಿ.

ವೇಸ್ಟ್‌ಕೋಟನ್ನು ಶೋಕಿ ಎಂದುಕೊಂಡು ಬಿಟ್ಟುಬಿಡಬಾರದು. ಅಂಗಿಗೆ ಜೇಬಿಲ್ಲ, ಕುದುರೆಯ ಮೇಲೆ ಕೂತಾಗ ಪ್ಯಾಂಟಿನ ಜೇಬಿಗೆ ಕೈ ಹೋಗದು. ತಂಬಾಕು, ಬೆಂಕಿಕಡ್ಡಿ, ದನದ ಲೆಕ್ಕದ ಪುಟ್ಟ ಪುಸ್ತಕ ಎಲ್ಲ ಇದರಲ್ಲೇ. ಅದೇ ತ್ರೀ-ಪೀಸ್ ಸೂಟಿನದು ಸಾಕು. ಬೆನ್ನಿನ ಹೊಳೆಯುವ ಸ್ಯಾಟಿನ್ ತೆಗೆಸಿ ಕಂದು ಹತ್ತಿ ಬಟ್ಟೆ ಹಾಕಿಸಿ, ಮುಂದೆ ಗುಂಡಿ ಹಾಕದೆ ಬಿಡಿ. ಬಣ್ಣ ಪ್ಯಾಂಟಿಗೆ ಹೊಂದದಿದ್ದರೆ ಇನ್ನೂ ಒಳ್ಳೆಯದು.

ಕಾಲು, ಕೊರಳು, ಸೊಂಟ

ನಿಜವಾದ ಎತ್ತರದ ಬೂಟು ಈ ಬಜೆಟ್ಟಿನಲ್ಲಿ ಆಗದು. ಎಸ್ಟೇಟಿನ ರಬ್ಬರ್ ಗಂಬೂಟಿಗೆ ಕಂದು ಪೇಂಟ್ ಬಳಿಯುವ ಉಪಾಯ ಬೇಡವೇ ಬೇಡ, ಮಡಿಸಿದಲ್ಲೆಲ್ಲ ಸಿಪ್ಪೆ ಏಳುತ್ತದೆ. ಬಡ ಕೌಬಾಯ್‌ಗಳು ಲೇಸಿನ ಒರಟು ಬೂಟೂ ಹಾಕುತ್ತಿದ್ದರು. ಕಂದು ಚರ್ಮದ ಹಳೆಯ ಕಣಕಾಲು ಬೂಟು ಹುಡುಕಿ, ಪ್ಯಾಂಟನ್ನು ಮೇಲೆ ಇಳಿಬಿಡಿ. ರಿಪೇರಿಯವರಲ್ಲಿ ಹಿಮ್ಮಡಿಗೆ ಅರ್ಧ ಇಂಚು ಚರ್ಮ ಸೇರಿಸಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ಚಪ್ಪಟೆ ಅಟ್ಟೆಗೆ ಅಚ್ಚು ಮಾಡಿದ ಬೂಟಿಗೆ ಎರಡು ಇಂಚು ಏರಿಸಿದರೆ ಮುಂಭಾಗ ಮೇಲೇಳುತ್ತದೆ, ನಡುವಿನ ಪಟ್ಟಿ ಮುರಿಯುತ್ತದೆ.

ಕೊರಳಿಗೆ ಅಂಗಡಿಯ 20 ಇಂಚಿನ ಬಂಡಾನ ಸಾಲದು, ಗಂಟು ಹಾಕಿದರೆ ಮುಗಿಯಿತು. ಬಿಳಿ ಚುಕ್ಕಿಯ ಕೆಂಪು ಹತ್ತಿ ಬಟ್ಟೆ ಒಂದು ಮೀಟರ್ ತಂದು 32 ಇಂಚಿನ ಚೌಕ ಕತ್ತರಿಸಿ, ಅಂಚನ್ನು ಕೈಯಲ್ಲೇ ಹೊಲಿಯಿರಿ. ನೀರು ತಿಳಿಯಾಗುವವರೆಗೆ ಬೇರೆಯಾಗಿಯೇ ಒಗೆಯಬೇಕು. ವೇದಿಕೆಯ ಲೈಟಿನ ಕೆಳಗೆ ಬೆವರಿಗೆ ಕೆಂಪು ಬಿಟ್ಟು ಅಂಗಿಯ ಕೊರಳಿಗೆ ಹತ್ತಿದರೆ ಗುಂಡು ತಗುಲಿದಂತೆ ಕಾಣುತ್ತದೆ, ಮತ್ತೆ ಹೋಗುವುದೂ ಇಲ್ಲ.

ತೊಡೆ ಮುಚ್ಚುವ ಚರ್ಮದ ಚಾಪ್ಸ್ ಕೈಬಿಡಿ. ಚರ್ಮದ ಖರ್ಚೇ ಉಳಿದೆಲ್ಲದಕ್ಕಿಂತ ಹೆಚ್ಚಾಗುತ್ತದೆ. ಕುದುರೆ ಇಳಿದು ಪೇಟೆಗೆ ಬಂದವನು ಹೇಗೂ ಅದನ್ನು ಬಿಚ್ಚಿಡುತ್ತಿದ್ದ. ಪಿಸ್ತೂಲೂ ಬೇಡ. ತೊಡೆಗೆ ಕಟ್ಟಿದ ಚೀಲ ಹಾಲಿವುಡ್ಡಿನ ಸೃಷ್ಟಿ, ಮತ್ತು ಬಿ.ಎಂ. ರಸ್ತೆಯಲ್ಲಿ ಅಸಲಿಯಂತೆ ಕಾಣುವ ಆಟಿಕೆ ಹಿಡಿದು ಓಡಾಡಿದರೆ ಪೊಲೀಸರಿಗೆ ಉತ್ತರ ಹೇಳಬೇಕಾದೀತು. ಕೈಗೆ 35 ಅಡಿ ಹಗ್ಗದ ಸುರುಳಿ ಕೊಡಿ. ಫೋಟೋದಲ್ಲಿ ಕೈ ಎಲ್ಲಿಡಬೇಕು ಎಂಬ ಪ್ರಶ್ನೆಯೂ ಬಗೆಹರಿಯುತ್ತದೆ. ನೈಲಾನ್ ಅಲ್ಲ, ನಾರಿನದು.

ಫೋಟೋಗೆ ಜಾಗ ಎಂದರೆ ಎಲ್ಲರೂ ಮುಳ್ಳಯ್ಯನಗಿರಿಗೆ ಓಡುತ್ತಾರೆ. ಹಸಿರು ಗುಡ್ಡ, ಮಂಜು, ಎಲ್ಲ ಚೆಂದ, ಕಾನ್ಸಾಸ್ ಮಾತ್ರ ಅಲ್ಲ. ಕಡೂರು, ಬೀರೂರು, ಅಜ್ಜಂಪುರದ ಕಡೆಯ ಒಣ ಬಯಲಿಗೆ ಹೋಗಿ. ಅಮೃತಮಹಲ್ ದನ ಮೇಯುವ ನಾಡು, ಹಳದಿ ಹುಲ್ಲು, ತೆರೆದ ಆಕಾಶ. ಆ ದನಗಳಿಗೆ ಮೀಸಲಾದ ಹುಲ್ಲುಗಾವಲು, ಅಂದರೆ ಕಾವಲಿನೊಳಗೆ ಹೋಗುವುದಾದರೆ ಅನುಮತಿ ಕೇಳಿಯೇ ಹೋಗಬೇಕು. ಬಟ್ಟೆಗೆ ಧೂಳು ಹಿಡಿಸುವುದೂ ಅಲ್ಲೇ ಆಗುತ್ತದೆ. ನಮ್ಮ ಕೆಮ್ಮಣ್ಣು ಅಲ್ಲಿಗೆ ಹೊಂದುತ್ತದೆಯೇ ಎಂಬ ಅನುಮಾನ ಬೇಡ, ದನದ ದಾರಿ ದಾಟುತ್ತಿದ್ದ ರೆಡ್ ರಿವರ್‌ಗೆ ಆ ಹೆಸರು ಕೆಂಪು ಮಣ್ಣಿನಿಂದಲೇ. ಆದರೆ ಒಣ ಧೂಳನ್ನಷ್ಟೇ ಒರೆಸಿ; ಒದ್ದೆ ಕೆಮ್ಮಣ್ಣು ಖಾದಿಗೆ ಹತ್ತಿದರೆ ಕಲೆ ಖಾಯಂ.

ಸಕಲೇಶಪುರ, ಮೂಡಿಗೆರೆ ಕಡೆಯವರು ಜೂನ್‌ಗೆ ಮೊದಲು ಎಲ್ಲ ಎತ್ತಿಡಬೇಕು. ಮಳೆಗಾಲದಲ್ಲಿ ಬೂಟಿಗೆ ವಾರದೊಳಗೆ ಬೂಷ್ಟು, ಫೆಲ್ಟಿಗೆ ನುಸಿ. ಬೂಟಿನೊಳಗೆ ನ್ಯೂಸ್‌ಪೇಪರ್ ತುರುಕಿ ಅಡುಗೆಮನೆಯ ಅಟ್ಟದಲ್ಲಿಡಿ. ಟೋಪಿಯನ್ನು ನೆತ್ತಿ ಕೆಳಗೆ ಮಾಡಿ ಡಬ್ಬಿಯಲ್ಲಿಟ್ಟು ಒಣ ಬೇವಿನೆಲೆ ಹಾಕಿ. ಅಂಚಿನ ಮೇಲೆ ನಿಲ್ಲಿಸಿದರೆ ಇಸ್ತ್ರಿ ಮಾಡಿದ ಚಪ್ಪಟೆ ಹೋಗುತ್ತದೆ. ಬೂಷ್ಟು ಬಂದೇ ಬಿಟ್ಟರೆ ಬಿಸಿಲು ಬಿದ್ದ ದಿನ ಹೊರಗೆ ಬ್ರಷ್ ಮಾಡಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಚರ್ಮ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಪಾಲಿಶ್.