ವಿಕಾಸದ ಊಹೆಯನ್ನು ಪ್ರಯೋಗಕ್ಕೆ ಒಡ್ಡುವುದು: ಸ್ನಾತಕೋತ್ತರ ಓದಿನ ನನ್ನ ಅನುಭವ

ವಿಕಾಸದ ಕಥೆ ಹೆಣೆಯುವುದು ಯಾರಿಗೂ ಕಷ್ಟವಲ್ಲ. ಯಾವ ನಡವಳಿಕೆ ಕೊಟ್ಟರೂ ‘ನಮ್ಮ ಪೂರ್ವಜರಿಗೆ ಇದರಿಂದ ಹೀಗೆ ಅನುಕೂಲವಾಯಿತು’ ಎಂದು ಬರೆದುಬಿಡಬಹುದು. ವಿಕಾಸ ವಿಜ್ಞಾನಿಗಳಾದ ಗೌಲ್ಡ್ ಮತ್ತು ಲೆವಾಂಟಿನ್ 1979ರಲ್ಲಿ ಜೀವವಿಜ್ಞಾನಿಗಳ ಮುಂದಿಟ್ಟ ಆಕ್ಷೇಪವೂ ಇದೇ. ಅದಕ್ಕೇ ಹೊಸ ಊಹೆಯೊಂದು ಹೊಳೆದಾಗ ನಾನು ಮೊದಲು ಹುಡುಕುವುದು ಅದರ ಎದುರಾಳಿಯನ್ನು. ವಿಕಾಸದ ಮಾತನ್ನೇ ಎತ್ತದ ವಿವರಣೆಯೊಂದು ಇದೇ ಫಲಿತಾಂಶವನ್ನು ನಿರೀಕ್ಷಿಸುತ್ತದೆಯೇ? ಹೌದಾದರೆ ಆ ಪ್ರಯೋಗ ಏನನ್ನೂ ಇತ್ಯರ್ಥ ಮಾಡುವುದಿಲ್ಲ.

ಇದನ್ನು ಕಲಿಯಲು ಮನೋವಿಜ್ಞಾನಿ ವೇಸನ್ 1966ರಲ್ಲಿ ಪರಿಚಯಿಸಿದ ಕಾರ್ಡ್ ಆಯ್ಕೆಯ ಸಮಸ್ಯೆಗಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಮೇಜಿನ ಮೇಲೆ ನಾಲ್ಕು ಕಾರ್ಡ್: ಅ, ಕ, 4, 7. ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದರಲ್ಲಿ ಸಂಖ್ಯೆ. ನಿಯಮ: ಒಂದು ಬದಿಯಲ್ಲಿ ಸ್ವರಾಕ್ಷರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ. ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವ ಕಾರ್ಡ್ ತಿರುಗಿಸಬೇಕು? ಉತ್ತರ ಅ ಮತ್ತು 7. ಹೆಚ್ಚಿನವರು ಅ ಮಾತ್ರ, ಇಲ್ಲವೇ ಅ ಮತ್ತು 4 ಎನ್ನುತ್ತಾರೆ. ಅದೇ ನಿಯಮ ‘ಲಾಭ ಪಡೆದರೆ ಬೆಲೆ ತೆರಬೇಕು’ ಎಂಬ ರೂಪದಲ್ಲಿ ಬಂದರೆ ಬಹುಪಾಲು ಜನ ಸರಿಯಾಗಿ ಉತ್ತರಿಸುತ್ತಾರೆ. ಮನೋವಿಜ್ಞಾನಿ ಕಾಸ್ಮಿಡೀಸ್ 1989ರಲ್ಲಿ ಇದಕ್ಕೆ ಕೊಟ್ಟ ವಿವರಣೆ, ವಿನಿಮಯದಲ್ಲಿ ಮೋಸಗಾರರನ್ನು ಗುರುತಿಸಲೆಂದೇ ರೂಪುಗೊಂಡ ವ್ಯವಸ್ಥೆಯೊಂದು ಮನಸ್ಸಿನಲ್ಲಿದೆ ಎಂಬುದು.

ಇಲ್ಲಿ ಎದುರಾಳಿ ಸುಮ್ಮನಿರುವುದಿಲ್ಲ: ವಿಷಯ ಪರಿಚಿತವಾದ್ದರಿಂದ ತರ್ಕ ಸುಲಭವಾಯಿತು, ಅಷ್ಟೇ ಎನ್ನುತ್ತದೆ. ನಿಯಮವನ್ನು ತಿರುಗಿಸಿ ಕೊಟ್ಟಾಗ ಇಬ್ಬರ ದಾರಿ ಬೇರೆಯಾಗುತ್ತದೆ. ‘ಬೆಲೆ ತೆತ್ತರೆ ಲಾಭ ಪಡೆಯಬಹುದು’ ಎಂದಾಗ ತರ್ಕದ ಪ್ರಕಾರ ತಿರುಗಿಸಬೇಕಾದದ್ದು ‘ಬೆಲೆ ತೆತ್ತವನು’ ಮತ್ತು ‘ಲಾಭ ಪಡೆಯದವನು’. ಜನ ಆರಿಸುವುದು ‘ಲಾಭ ಪಡೆದವನು’ ಮತ್ತು ‘ಬೆಲೆ ತೆರದವನು’. ತರ್ಕಕ್ಕೆ ತಪ್ಪಾದ, ಮೋಸ ಹಿಡಿಯಲು ಸರಿಯಾದ ಉತ್ತರ. ಊಹೆಯೊಂದು ಇಂಥ ನಿರ್ದಿಷ್ಟ ತಪ್ಪನ್ನು ಮುಂಚಿತವಾಗಿ ಹೇಳಬಲ್ಲದಾದರೆ ಅದರ ಬೆಲೆಯೇ ಬೇರೆ. ಹಾಗೆಂದು ಜಗಳ ಮುಗಿದಿಲ್ಲ. ಚೆಂಗ್ ಮತ್ತು ಹೋಲಿಯೋಕ್ 1985ರಲ್ಲಿ ಮಂಡಿಸಿದ್ದ ‘ಅನುಮತಿ’ಯ ಸ್ಕೀಮಾ (ಏನನ್ನಾದರೂ ಮಾಡಲು ಯಾವ ಷರತ್ತು ಪೂರೈಸಬೇಕೆಂಬ ನಿಯಮಗಳಿಗೆ ಮನಸ್ಸು ಬಳಸುವ ಸಾಮಾನ್ಯ ಚೌಕಟ್ಟು) ಇನ್ನೂ ಕಣದಲ್ಲಿದೆ. ಸ್ಪೆರ್ಬರ್ ಮತ್ತು ಸಂಗಡಿಗರು 1995ರಲ್ಲಿ ವಿನಿಮಯದ ಸುಳಿವೇ ಇಲ್ಲದ ನಿಯಮಗಳಲ್ಲೂ, ಪ್ರಸಂಗವನ್ನು ಜಾಣತನದಿಂದ ಕಟ್ಟಿದರೆ ಸರಿಯುತ್ತರ ಏರುತ್ತದೆಂದು ತೋರಿಸಿದರು. ಈ ಮೂರು ವಾದಗಳನ್ನು ಒಂದೇ ವಾರ, ಬೆನ್ನುಬೆನ್ನಿಗೆ ಓದಬೇಕು. ಒಂದನ್ನೇ ಓದಿ ಬಿಟ್ಟವರು ಅದರ ಭಕ್ತರಾಗುತ್ತಾರೆ.

ನನ್ನ ಕ್ರಮ ಸರಳ. ಒಂದು ಹಾಳೆಯಲ್ಲಿ ಅಡ್ಡಸಾಲಿಗೆ ಪ್ರಯೋಗದ ಸ್ಥಿತಿಗಳು, ಕಂಬಸಾಲಿಗೆ ಊಹೆಗಳು. ಪ್ರತಿ ಚೌಕದಲ್ಲಿ ಆ ಊಹೆ ಏನನ್ನು ನಿರೀಕ್ಷಿಸುತ್ತದೆಂದು ಬರೆಯುತ್ತೇನೆ. ಎರಡು ಕಂಬಸಾಲುಗಳು ಒಂದೇ ಥರ ತುಂಬಿಕೊಂಡರೆ ಡೇಟಾ ಸಂಗ್ರಹಿಸುವ ಮುಂಚೆಯೇ ವಿನ್ಯಾಸ ಬದಲಿಸುತ್ತೇನೆ. ಪ್ರಿ-ರಿಜಿಸ್ಟ್ರೇಷನ್‌ಗೆ, ಅಂದರೆ ಡೇಟಾ ಸಂಗ್ರಹಕ್ಕೂ ಮುಂಚೆ ಯೋಜನೆಯನ್ನು ದಾಖಲಿಸಿಡುವುದಕ್ಕೆ, ಹೋಗುವುದೂ ಇದೇ ಹಾಳೆ.

ಊಹೆಗಳನ್ನು ಬೇರ್ಪಡಿಸುವ ಫಲಿತಾಂಶ ಬಹುತೇಕ ಇಂಟರಾಕ್ಷನ್ ರೂಪದಲ್ಲಿರುತ್ತದೆ, ಅಂದರೆ ಒಂದು ಅಂಶದ ಪರಿಣಾಮ ಇನ್ನೊಂದನ್ನು ಅವಲಂಬಿಸಿ ಬದಲಾಗುತ್ತದೆ. ಲೆಕ್ಕ ತಪ್ಪುವುದು ಅಲ್ಲೇ. ಎರಡು ಗುಂಪುಗಳ ಸರಾಸರಿ ಹೋಲಿಸಲು, ಪರಿಣಾಮದ ಗಾತ್ರ 0.5 (ಸರಾಸರಿಗಳ ಅಂತರ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಷನ್), ಪವರ್ (ಇರುವ ಪರಿಣಾಮವನ್ನು ಪತ್ತೆಹಚ್ಚುವ ಸಂಭವ) 80 ಪ್ರತಿಶತ ಎಂದಿಟ್ಟುಕೊಂಡರೆ ಗುಂಪಿಗೆ 64 ಜನ ಸಾಕು. ಆ ಪರಿಣಾಮ ಇನ್ನೊಂದು ಸ್ಥಿತಿಯಲ್ಲಿ ಪೂರ್ತಿ ಅಳಿಯುತ್ತದೆಂದು ತೋರಿಸಲು ನಾಲ್ಕು ಗುಂಪುಗಳು, ಪ್ರತಿಯೊಂದಕ್ಕೂ ಸುಮಾರು 128 ಜನ. ಅರ್ಧಕ್ಕೆ ಇಳಿಯುತ್ತದೆಂದು ತೋರಿಸಬೇಕಿದ್ದರೆ ಗುಂಪಿಗೆ 512ರಷ್ಟು, ಒಟ್ಟು ಎರಡು ಸಾವಿರ ದಾಟುತ್ತದೆ. ಗುಂಪಿಗೆ 30 ಜನರನ್ನಿಟ್ಟುಕೊಂಡು ಇಂಟರಾಕ್ಷನ್ ‘ಸಿಕ್ಕಿತು’ ಎನ್ನುವ ಪೇಪರನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಇನ್ನೊಂದು ಗುಂಡಿ, ಪ್ರಸಂಗಗಳ, ಅಂದರೆ ನಿಯಮವನ್ನು ಹೊತ್ತ ಕಥೆಗಳ, ಸಂಖ್ಯೆ. ಪ್ರತಿ ಸ್ಥಿತಿಗೆ ಒಂದೇ ಕಥೆ ಕೊಟ್ಟರೆ ಸಿಕ್ಕ ವ್ಯತ್ಯಾಸ ಸ್ಥಿತಿಯದೋ ಕಥೆಯದೋ ಹೇಳಲಾಗದು. ಪದಗಳನ್ನು ಬಳಸಿ ನಡೆಸುವ ಪ್ರಯೋಗಗಳ ಬಗ್ಗೆ ಮನೋವಿಜ್ಞಾನಿ ಕ್ಲಾರ್ಕ್ 1973ರಲ್ಲೇ ಇದನ್ನು ಹೇಳಿದ್ದರು. ನಾನು ಕನಿಷ್ಠ ಎಂಟು ಕಥೆಗಳನ್ನು ಬರೆಯುತ್ತೇನೆ, ಪ್ರತಿಯೊಂದನ್ನೂ ಎಲ್ಲ ಸ್ಥಿತಿಗಳಿಗೆ ಹೊಂದಿಸಿ. ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಕೊಡುವುದಿಲ್ಲ, ಕೊಟ್ಟರೆ ತಂತ್ರ ಕಲಿತುಬಿಡುತ್ತಾರೆ. ಹಂಚಿಕೆ ಲ್ಯಾಟಿನ್ ಚೌಕದಂತೆ: ಪ್ರತಿ ಕಥೆಯೂ ಪ್ರತಿ ಸ್ಥಿತಿಯಲ್ಲಿ ಸಮನಾಗಿ ಬರುವಂತೆ. ವಿಶ್ಲೇಷಣೆ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎಲ್‌ಎಂಇ4 ಪ್ಯಾಕೇಜಿನಲ್ಲಿ. ವ್ಯಕ್ತಿ ಮತ್ತು ಕಥೆ ಎರಡೂ ರ‍್ಯಾಂಡಮ್ ಅಂಶಗಳು, ಅಂದರೆ ದೊಡ್ಡ ಸಮೂಹವೊಂದರಿಂದ ಆರಿಸಿದ ಮಾದರಿಗಳೆಂದು ಲೆಕ್ಕ.

ಪ್ರತಿಕ್ರಿಯಾ ಸಮಯ ಅಳೆಯುವ ಪ್ರಯೋಗವಾದರೆ ಪರದೆಯನ್ನೂ ಗಮನಿಸಬೇಕು. 60 ಹರ್ಟ್ಸ್ ಪರದೆಯ (ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ) ಒಂದು ಫ್ರೇಮ್ 16.7 ಮಿಲಿಸೆಕೆಂಡ್, ಚಿತ್ರ ಪೂರ್ಣ ಫ್ರೇಮ್‌ಗಳ ಲೆಕ್ಕದಲ್ಲೇ ನಿಲ್ಲುತ್ತದೆ. 50 ಮಿಲಿಸೆಕೆಂಡ್ ಚಿತ್ರ ತೋರಿಸಬಹುದು, 40 ಆಗದು. 33 ಅಥವಾ 50 ಆಗುತ್ತದೆ. ಪ್ರಯೋಗ ನಡೆಸುವ ತಂತ್ರಾಂಶ ಸೈಕೋಪೈನಲ್ಲಿ ಅವಧಿಯನ್ನು ಸೆಕೆಂಡಿನ ಬದಲು ಫ್ರೇಮ್‌ಗಳಲ್ಲೇ ಬರೆಯುವುದು ಕ್ಷೇಮ. 200 ಮಿಲಿಸೆಕೆಂಡಿಗೂ ಮುಂಚಿನ ಉತ್ತರಗಳನ್ನು ಕೈಬಿಡುತ್ತೇನೆ, ಆದರೆ ಆ ಗಡಿಯನ್ನು ಡೇಟಾ ನೋಡುವ ಮೊದಲೇ ಬರೆದಿಟ್ಟಿರುತ್ತೇನೆ.

ಪೇಪರ್ ಓದುವಾಗ ಪೀಠಿಕೆಯನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ, ವಿಧಾನದಿಂದ ಶುರು. ಋತುಚಕ್ರದೊಂದಿಗೆ ಮಹಿಳೆಯರಿಗೆ ಇಷ್ಟವಾಗುವ ಪುರುಷರ ಮುಖ ಬದಲಾಗುತ್ತದೆ ಎಂಬ ಸಂಶೋಧನೆಗಳನ್ನೇ ನೋಡಿ. ಹಳೆಯವುಗಳಲ್ಲಿ ಅನೇಕವು ಸಣ್ಣ ಮಾದರಿಯವು, ಫಲವತ್ತತೆಯ ದಿನವನ್ನು ಭಾಗವಹಿಸಿದವರ ನೆನಪಿನ ಮೇಲೆ ಎಣಿಸಿದವು. 2018ರಲ್ಲಿ 584 ಮಹಿಳೆಯರ ಹಾರ್ಮೋನ್ ಅಳೆದು, ಅವರನ್ನೇ ಮತ್ತೆ ಮತ್ತೆ ಪರೀಕ್ಷಿಸಿದ ಅಧ್ಯಯನಕ್ಕೆ ಪುರುಷತ್ವ ಎದ್ದು ಕಾಣುವ ಮುಖಗಳತ್ತ ಅಂಥ ವಾಲಿಕೆಯ ಬಲವಾದ ಪುರಾವೆ ಸಿಗಲಿಲ್ಲ. ಹಳೆಯ ಪೇಪರ್‌ಗಳ ಪೀಠಿಕೆಯಲ್ಲಿ ಈ ದೌರ್ಬಲ್ಯ ಕಾಣುವುದಿಲ್ಲ. ಅಳತೆಯ ವಿಧಾನ ಬರೆದ ಒಂದೆರಡು ಸಾಲುಗಳಲ್ಲಿ ಕಾಣುತ್ತದೆ.