ಲ್ಯಾಪ್‌ಟಾಪ್ ಬಿಚ್ಚಿದ ಮೇಲೆ ಏಳದ ಬೋರ್ಡು

ಬಾವಿಯ ತಳ ಕಾಣುವ ಬೇಸಿಗೆಯಲ್ಲಿ ಪಂಪು ನೀರಿಲ್ಲದೆ ತಿರುಗಿ ಸುಟ್ಟುಹೋಗಬಾರದೆಂದು, ನೀರಿನ ಮಟ್ಟ ತಿಳಿಸುವ ಎರಡು ಫ್ಲೋಟ್ ಸ್ವಿಚ್‌ಗಳನ್ನು ಗಮನಿಸಿ ಪಂಪಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ನಡೆಸುವ ಸಾಧನವೊಂದನ್ನು ಆರ್ಡುಯಿನೊ ಲಿಯೊನಾರ್ಡೊ ಎಂಬ, ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ಬೋರ್ಡಿನಲ್ಲಿ ಮಾಡಿಕೊಂಡೆ. ಶಿರಸಿ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿದಾಗ ತಕರಾರಿಲ್ಲದೆ ನಡೆದದ್ದು, ಅಡಿಕೆ ತೋಟದ ಕೆಳಗಿನ ಪಂಪ್‌ಶೆಡ್ಡಿಗೆ ಒಯ್ದು ಮೊಬೈಲ್ ಚಾರ್ಜರಿನಿಂದ ವಿದ್ಯುತ್ ಕೊಟ್ಟಾಗ ಏಳಲೇ ಇಲ್ಲ. ವೈರುಗಳನ್ನು ಬಿಚ್ಚಿ ಕಟ್ಟಿ, ರಿಲೇ ಬದಲಿಸಿ, ಮೂರು ಬಾರಿ ಧರೆ ಹತ್ತಿಳಿದ ಮೇಲೆ ದೋಷ ನಾನೇ ಬರೆದ ಒಂದು ಸಾಲಿನಲ್ಲಿದೆ ಎಂದು ತಿಳಿಯಿತು.

ಕಂಪ್ಯೂಟರಿನೊಂದಿಗೆ ಸಂದೇಶ ವಿನಿಮಯದ ಸೀರಿಯಲ್ ಸಂಪರ್ಕ ಸಿಗುವ ತನಕ ಕಾಯುವ ವೈಲ್ ಲೂಪ್, ಪ್ರೋಗ್ರಾಂ ಶುರುವಿನಲ್ಲಿ ಒಮ್ಮೆ ನಡೆಯುವ ಭಾಗವಾದ ಸೆಟಪ್‌ನಲ್ಲಿತ್ತು. ಆರ್ಡುಯಿನೊದ ಇನ್ನೊಂದು ಬೋರ್ಡಾದ ಊನೋದಲ್ಲಿ ಯುಎಸ್‌ಬಿ ಕೆಲಸವನ್ನು ಬೇರೊಂದು ಚಿಪ್ ನೋಡಿಕೊಳ್ಳುವುದರಿಂದ ಆ ಸಾಲು ತಡೆಯುವುದಿಲ್ಲ. ಲಿಯೊನಾರ್ಡೊದ ಎಟಿಮೆಗಾ32ಯು4 ಚಿಪ್ ಯುಎಸ್‌ಬಿಯನ್ನು ತಾನೇ ನಿರ್ವಹಿಸುವುದರಿಂದ, ಆಚೆ ಬದಿಯಲ್ಲಿ ಯಾರಾದರೂ ಪೋರ್ಟ್ ತೆರೆಯುವವರೆಗೆ ಪ್ರೋಗ್ರಾಂ ಅಲ್ಲೇ ಕುಳಿತಿರುತ್ತದೆ. ಚಾರ್ಜರು ಪೋರ್ಟ್ ತೆರೆಯುವುದಿಲ್ಲವಲ್ಲ! ಬೋರ್ಡು ಶುರುವಾದಂದಿನಿಂದ ಕಳೆದ ಮಿಲಿಸೆಕೆಂಡುಗಳನ್ನು ಹೇಳುವ ಮಿಲಿಸ್ ಎಣಿಕೆ 3000 ದಾಟಿದರೆ ಕಾಯುವುದನ್ನು ಬಿಡುವಂತೆ ಲೂಪಿನ ಷರತ್ತು ತಿದ್ದಿದೆ.

ಲ್ಯಾಪ್‌ಟಾಪಿಗೆ ಸಂದೇಶ ಕಳಿಸುವ ಪ್ರಿಂಟ್ ಸಾಲುಗಳನ್ನು ಅಳಿಸಲಿಲ್ಲ. ಈ ಬೋರ್ಡಿನಲ್ಲಿ ಕೇಳುವವರಿಲ್ಲದಾಗ ಬರೆದದ್ದು ಸುಮ್ಮನೆ ಬಿದ್ದುಹೋಗುತ್ತದೆ, ಉಳಿದ ಕೆಲಸ ನಿಲ್ಲುವುದಿಲ್ಲ. ಅತಿ ಎಚ್ಚರಿಕೆಯಿಂದ ಪ್ರತಿ ಪ್ರಿಂಟಿಗೂ ಮೊದಲು ಸಂಪರ್ಕವಿದೆಯೇ ಎಂದು ಪರೀಕ್ಷಿಸುತ್ತಿದ್ದೆ. ಆ ಪ್ರಶ್ನೆಯೊಳಗೇ 10 ಮಿಲಿಸೆಕೆಂಡುಗಳ ಡಿಲೇ ಇದೆಯೆಂದು ಆರ್ಡುಯಿನೊದ ಮೂಲ ಕೋಡ್ ಓದಿದಾಗ ತಿಳಿದು, ಅವನ್ನೆಲ್ಲ ತೆಗೆದುಹಾಕಿದೆ.

ಕೇಳುವವರಿಲ್ಲದಾಗ ನಡೆದದ್ದನ್ನು ಆಮೇಲೆ ತಿಳಿಯುವುದೇ ನಿಜವಾದ ಕಷ್ಟ. 13ನೇ ಪಿನ್ನಿನ ಎಲ್‌ಇಡಿ ಒಮ್ಮೆ ಮಿಣುಕಿದರೆ ಬಾವಿ ಬರಿದು, ಎರಡು ಬಾರಿ ಮಿಣುಕಿದರೆ ಫ್ಲೋಟ್‌ಗಳ ಸೂಚನೆ ಪರಸ್ಪರ ಹೊಂದುತ್ತಿಲ್ಲ ಎಂದು ಇಟ್ಟುಕೊಂಡೆ; ನಾನು ಪೇಟೆಯಲ್ಲಿದ್ದರೂ ಆಯಿ ಎಣಿಸಿ ಫೋನಿನಲ್ಲಿ ಹೇಳುತ್ತಾರೆ. ಇದಲ್ಲದೆ ಬೋರ್ಡು ಶುರುವಾದಾಗಲೊಮ್ಮೆ ಕರೆಂಟು ಹೋದರೂ ಅಳಿಯದ ಇಇಪ್ರಾಂ ಸ್ಮೃತಿಯಲ್ಲಿ ಎಣಿಕೆಯೊಂದನ್ನು ಏರಿಸುತ್ತೇನೆ. ಅದರ ಪ್ರತಿ ಕೋಶಕ್ಕೆ 1,00,000 ಬರಹಗಳ ಬಾಳಿಕೆ ಇರುವುದರಿಂದ ನಮ್ಮ ಮಳೆಗಾಲದ ಕರೆಂಟಿಗೂ ಅದು ಸಾಕು. ಓದಲು ಓಟಿಜಿ ಕೇಬಲ್ ಹಾಕಿದ ಮೊಬೈಲಿನ ಟರ್ಮಿನಲ್ ಆ್ಯಪ್ ಬಳಸುತ್ತೇನೆ. ಪೋರ್ಟ್ ತೆರೆದೊಡನೆ ಊನೋ ರೀಸೆಟ್ ಆಗಿ ಆ ಕ್ಷಣದ ಸ್ಥಿತಿ ಅಳಿಸಿಹೋಗುತ್ತದೆ. ಲಿಯೊನಾರ್ಡೊ ಹಾಗೆ ಮಾಡುವುದಿಲ್ಲ.

ಆ ಎಣಿಕೆ, ಕರೆಂಟು ಹೋಗಿಬಂದ ಸಲಗಳಿಗಿಂತ ಬಹಳ ಹೆಚ್ಚಿತ್ತು. ಪಂಪಿನ ಸ್ಟಾರ್ಟರಿನೊಳಗಿನ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ ಬಿಡುವಾಗಲೆಲ್ಲ ಬೋರ್ಡು ರೀಸೆಟ್ ಆಗುತ್ತಿತ್ತು. ಅದರ ಕಾಯಿಲ್‌ಗೆ ಅಡ್ಡಲಾಗಿ, ವಿದ್ಯುತ್ತಿನ ದಿಢೀರ್ ಏರಿಕೆಯನ್ನು ತಗ್ಗಿಸುವ ಸ್ನಬ್ಬರ್ ಹಾಕಿದ ಮೇಲೆ ರೀಸೆಟ್ ಆಗುವುದು ನಿಂತಿತು.