ಮಗು ಹುಷಾರಾಗಿ ಕಾಣುವ ತಿಂಗಳೇ ನಮಗೆ ಭಯ

ಮಕ್ಕಳ ಕ್ಯಾನ್ಸರ್ ಸಂಶೋಧನೆ ಅಂದರೆ ಹೊಸ ಔಷಧಿ ಹುಡುಕುವುದು ಅಂತ ಹೆಚ್ಚಿನವರು ತಿಳಿದಿದ್ದಾರೆ. ನಾನೂ ಪ್ರಯೋಗಾಲಯದಿಂದಲೇ ಶುರು ಮಾಡಿದೆ. ಬೆಂಗಳೂರಿನ ವಾರ್ಡಿಗೆ ಬಂದ ಮೇಲೆ ಬೇರೆ ಪ್ರಶ್ನೆ ಹಿಡಿದುಕೊಂಡಿತು. ಗುಣಪಡಿಸುವ ಔಷಧಿ ಕೈಯಲ್ಲಿದ್ದೂ ಮಕ್ಕಳು ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಹೋಗುವುದು ಯಾಕೆ?

ಮಕ್ಕಳಲ್ಲಿ ಜಾಸ್ತಿ ಕಾಣುವ ಕ್ಯಾನ್ಸರ್ ಎಎಲ್ಎಲ್ ಎಂಬ ರಕ್ತ ಕ್ಯಾನ್ಸರ್. ಅದರ ಔಷಧಿಗಳು ಹಳೆಯವು. 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟು ಈ ಕಾಯಿಲೆ ಕೆಲವು ತಿಂಗಳಾದರೂ ತಗ್ಗುತ್ತದೆ ಅಂತ ತೋರಿಸಿದರು. ಆ ಔಷಧಿಯ ಹಿಂದೆ ಇದ್ದವರು ಆಂಧ್ರದಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್. ವಿನ್‌ಕ್ರಿಸ್ಟೀನ್ ಎಂಬ ಇನ್ನೊಂದು ಔಷಧಿ ಬಂದದ್ದು ನಮ್ಮ ಅಂಗಳದಲ್ಲೂ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಇಂದು ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಬದುಕುತ್ತಾರೆ. ನಮ್ಮಲ್ಲೂ ಯಾಕಾಗಬಾರದು?

ಬಿಟ್ಟು ಹೋದವರ ಫೈಲುಗಳನ್ನು ತೆಗೆದು ಕೂತೆವು. ಮನೆಮನೆಗೆ ಫೋನ್ ಮಾಡಿದೆವು. ದುಡ್ಡೊಂದೇ ಕಾರಣ ಇರಬಹುದು ಅನ್ನಿಸಿತ್ತು. ಆದರೆ ಯಾದಗಿರಿ ಕಡೆಯ ತಾಯಿಯೊಬ್ಬರು ಕೇಳಿದ ಮಾತು ಬೇರೆ ಬೇರೆ ಬಾಯಲ್ಲಿ ಮತ್ತೆ ಮತ್ತೆ ಕೇಳಿಸಿತು: "ಆರಾಮ ಆಗ್ಯಾನ್ರೀ ಮೇಡಂ, ಮತ್ತ ಸೂಜಿ ಯಾಕ್ರೀ?"

ಅವರ ಪ್ರಶ್ನೆ ಸರಿಯಾಗೇ ಇತ್ತು. ಮೊದಲ ತಿಂಗಳಲ್ಲಿ ಸ್ಟಿರಾಯ್ಡ್, ವಿನ್‌ಕ್ರಿಸ್ಟೀನ್, ಆಸ್ಪರಾಜಿನೇಸ್ ಎಂಬ ಔಷಧಿಗಳನ್ನು ಕೊಡುತ್ತೇವೆ. ಜ್ವರ ಹೋಗುತ್ತದೆ, ಮಗು ಓಡಾಡುತ್ತದೆ, ಸೂಕ್ಷ್ಮದರ್ಶಕದಲ್ಲಿ ಅಸ್ಥಿಮಜ್ಜೆ ಚೊಕ್ಕಟವಾಗಿ ಕಾಣುತ್ತದೆ. ಆದರೆ ಕಾಯಿಲೆ ಪತ್ತೆಯಾದಾಗ ಸುಮಾರು ಒಂದು ಲಕ್ಷ ಕೋಟಿ ಇದ್ದ ಕ್ಯಾನ್ಸರ್ ಕೋಶಗಳಲ್ಲಿ ಆಗಲೂ ಸಾವಿರ ಕೋಟಿಯವರೆಗೆ ಉಳಿದಿರಬಹುದು. ಎರಡರಿಂದ ಎರಡೂವರೆ ವರ್ಷದ ಚಿಕಿತ್ಸೆ ಬೇಕಾಗುವುದು ಇದಕ್ಕೇ. ಅಂಕಿ ಹೇಳಿದರೆ ತಲೆಗೆ ಹೋಗುವುದಿಲ್ಲ. "ಹೊಲದಲ್ಲಿ ಗರಿಕೆ ಮೇಲೆ ಮೇಲೆ ಕಿತ್ತರೆ ಸಾಕಾ?" ಅಂತ ಕೇಳಿದರೆ ಮಗುವಿನ ಅಜ್ಜನೇ ತಲೆ ಅಲ್ಲಾಡಿಸುತ್ತಾರೆ. ಆ ಅಜ್ಜನನ್ನು ಕರೆಸುವುದು ಮುಖ್ಯ. ವಾರ್ಡಿನಲ್ಲಿ ಇರುವವರು ತಾಯಿ, ಊರಿನಲ್ಲಿ ತೀರ್ಮಾನ ಮಾಡುವವರು ಬೇರೆ. ಈ ಮಾತುಕತೆಯನ್ನು ಮೊದಲ ವಾರದಲ್ಲೇ ಮಾಡುತ್ತೇವೆ. ಡಿಸ್ಚಾರ್ಜ್ ದಿನ ಹೇಳಿದರೆ ತಡವಾಯಿತು ಅಂತಲೇ ಅರ್ಥ.

ನಾಲ್ಕು ವಾರ ಸತತವಾಗಿ ಬರದಿದ್ದರೆ ಚಿಕಿತ್ಸೆ ಬಿಟ್ಟಂತೆ ಅನ್ನುವುದು ಅಂತರರಾಷ್ಟ್ರೀಯ ಲೆಕ್ಕ. ಲೆಕ್ಕಕ್ಕೆ ಅದು ಸರಿ, ಮಗುವಿಗೆ ಅಲ್ಲ. ಬರಬೇಕಾದ ದಿನ ಬರಲಿಲ್ಲ ಅಂದರೆ ಅದೇ ಸಂಜೆ ಫೋನ್ ಹೋಗಬೇಕು ಅಂತ ಮಾಡಿದೆವು. ಮನೆಯ ನಂಬರಿನ ಜೊತೆ ಪಕ್ಕದ ಮನೆಯದ್ದು, ಊರಿನ ಆಶಾ ಕಾರ್ಯಕರ್ತೆಯದ್ದು ಬರೆದುಕೊಳ್ಳುತ್ತೇವೆ. ಫೋನ್ ಮಾಡುವವರು ಅವರ ಕಡೆಯ ಮಾತು ಆಡುವವರೇ ಆಗಿರಬೇಕು. ಇದರಿಂದ ಆದಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ ಅಂತ ನನಗನ್ನಿಸುತ್ತದೆ.

ದುಡ್ಡಿನ ವಿಷಯವೂ ಇದೆ. ಬಿಪಿಎಲ್ ಕುಟುಂಬಗಳ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಹೋದ ಕೂಲಿ, ಬೆಂಗಳೂರಿನ ರೂಮ್ ಬಾಡಿಗೆ, ಊಟ ಅದರಲ್ಲಿ ಸೇರುವುದಿಲ್ಲ. ದಾನಿಗಳನ್ನು ಹಿಡಿದು ಹಾಗೂ ಹೀಗೂ ಹೊಂದಿಸುತ್ತೇವೆ. ರೈಲಿನ ರಿಯಾಯಿತಿ ಫಾರಂ ಮೊದಲ ದಿನವೇ ಸಹಿ ಮಾಡಿ ಕೈಗೆ ಕೊಡುತ್ತೇವೆ.

ಮನೆಯಲ್ಲಿ ಮಾತ್ರೆ ನುಂಗುವ ಮೆಂಟೆನೆನ್ಸ್ ಹಂತವೇ ಎಲ್ಲಕ್ಕಿಂತ ಉದ್ದ. 6-ಎಂಪಿ (ಮರ್ಕ್ಯಾಪ್ಟೋಪ್ಯೂರಿನ್) ಎಂಬ ಮಾತ್ರೆ ದಿನಾ, ಮೆಥೋಟ್ರೆಕ್ಸೇಟ್ ಎಂಬುದು ವಾರಕ್ಕೊಮ್ಮೆ. ವಾರಕ್ಕೊಮ್ಮೆಯ ಈ ಮಾತ್ರೆಯನ್ನು ದಿನಾ ಕೊಟ್ಟುಬಿಟ್ಟರೆ ಜೀವಕ್ಕೇ ಅಪಾಯ. ಅದಕ್ಕೇ ಗೋಡೆ ಕ್ಯಾಲೆಂಡರಿನಲ್ಲಿ ಅದನ್ನು ಕೊಡುವ ದಿನಕ್ಕೆ ಮಾತ್ರ ಕೆಂಪು ಗುರುತು ಹಾಕಿಸುತ್ತೇವೆ. ಓದು ಬಾರದವರಿಗೂ ಅದು ಗೊತ್ತಾಗುತ್ತದೆ.

ಈಗ ನನ್ನ ಗಮನ 6-ಎಂಪಿ ಡೋಸ್ ಮೇಲಿದೆ. ಎನ್‌ಯುಡಿಟಿ15 ಎಂಬ ಜೀನಿನಲ್ಲಿ ಆಗುವ ಕೆಲವು ಬದಲಾವಣೆಗಳು ಯುರೋಪಿನವರಿಗಿಂತ ಏಷ್ಯಾದವರಲ್ಲಿ ಜಾಸ್ತಿ. ಅವು ಇರುವ ಮಕ್ಕಳಿಗೆ ಮಾಮೂಲಿ ಡೋಸಿನಲ್ಲೇ ಬಿಳಿ ರಕ್ತಕಣ ಕುಸಿದು ಸೋಂಕು ತಗಲಬಹುದು. ಆಗ ಮನೆಯವರು ಮಾತ್ರೆಗೇ ಹೆದರಿ ನಿಲ್ಲಿಸಿಬಿಡುತ್ತಾರೆ. ಮೊದಲೇ ಪರೀಕ್ಷೆ ಮಾಡಿದರೆ ಕಡಿಮೆ ಡೋಸಿನಿಂದ ಶುರು ಮಾಡಬಹುದು. ಮೆಂಟೆನೆನ್ಸ್‌ಗೆ ಮುಂಚೆ ಪ್ರತಿ ಮಗುವಿಗೂ ಈ ಪರೀಕ್ಷೆ ಸಿಗುವಂತೆ ಮಾಡುವ ಕೆಲಸ ನಡೆಯುತ್ತಿದೆ.